ಇನ್‌ಸ್ಟ್ರಕ್ಟರ್‌ಗೆ ಇನ್‌ಸ್ಟ್ರಕ್ಟರ್ ಕಲಿಸಿದರೆ ಫೀಸ್ ತಗೋಬೇಕಾ? ಒಂದು ಗಂಟೆ ಹಾರಾಟದ ಪೂರ್ತಿ ಲೆಕ್ಕ

ವಿಮಾನ ಓಡಿಸೋದನ್ನು ಕಲಿಸುವವರೂ ಕಲಿಯುತ್ತಲೇ ಇರಬೇಕಾಗುತ್ತದೆ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎರಡು ಎಂಜಿನ್‌ನ ವಿಮಾನ ಹೊಸದು. ಇನ್ನೊಬ್ಬರಿಗೆ ಹೊರಗೆ ಏನೂ ಕಾಣದಿದ್ದಾಗ ಬರೀ ಉಪಕರಣ ನೋಡಿಕೊಂಡು ಹಾರುವ ಅಭ್ಯಾಸ ತಪ್ಪಿಹೋಗಿದೆ. ಮತ್ತೊಬ್ಬರು ಸಹಾಯಕ ಇನ್‌ಸ್ಟ್ರಕ್ಟರ್ ಹಂತದಿಂದ ಪೂರ್ಣ ಇನ್‌ಸ್ಟ್ರಕ್ಟರ್ ಆಗಬೇಕು. ಆಗ ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಕೂರಲೇಬೇಕು. ಪಾಠ ಮುಗಿದು ಎಂಜಿನ್ ಆಫ್ ಆದ ಮೇಲೆ ಬರುವುದೇ ಮುಜುಗರದ ಪ್ರಶ್ನೆ: ದುಡ್ಡು ಕೇಳೋದಾ, ಬೇಡ್ವಾ?

ಒಂದು ಗುಂಪು ಹೇಳುತ್ತದೆ, "ನಮ್ಮವರೇ ಅಲ್ವಾ, ಇವರ ಹತ್ರ ಹೇಗೆ ಕೇಳೋದು?" ಇನ್ನೊಂದು ಗುಂಪು ಹೇಳುತ್ತದೆ, "ನಮ್ಮವರೇ ನನ್ನ ಟೈಮ್‌ಗೆ ಬೆಲೆ ಕೊಡದಿದ್ರೆ ಬೇರೆಯವರು ಯಾಕೆ ಕೊಡ್ತಾರೆ?" ಎರಡರಲ್ಲೂ ಸತ್ಯ ಇದೆ. ಆದರೆ ಎರಡೂ ಗುಂಪು "ಫೀಸ್" ಅನ್ನುವ ಒಂದೇ ಪದದೊಳಗೆ ನಾಲ್ಕೈದು ಬೇರೆ ಬೇರೆ ವಿಷಯಗಳನ್ನು ತುಂಬಿಬಿಟ್ಟಿವೆ.

ನಾನಿರುವುದು ಬಸವನಗುಡಿಯಲ್ಲಿ. ಇಲ್ಲಿ ವಿಮಾನ ಇಳಿಸೋಕೆ ಜಾಗ ಇಲ್ಲ, ಅದಕ್ಕೆ ಹೆಬ್ಬಾಳ ದಾಟಿ ಜಕ್ಕೂರಿಗೆ ಹೋಗಬೇಕು. ಆದರೆ "ಒಂದೇ ವೃತ್ತಿಯವರು ಪರಸ್ಪರ ದುಡ್ಡು ತಗೋಬಹುದಾ" ಎಂಬ ಪ್ರಶ್ನೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂಗಳಲ್ಲಿ ದಿನವೂ ಎದುರಾಗುತ್ತದೆ. ಡಾಕ್ಟರ ಕ್ಲಿನಿಕ್‌ನಲ್ಲಿ, ಸಂಗೀತ ಪಾಠದ ಮನೆಯಲ್ಲಿ, ವಕೀಲರ ಆಫೀಸಿನಲ್ಲಿ. ಹಾಗಾಗಿ ಈ ಲೇಖನದಲ್ಲಿ ಹಾರಾಟದ ಲೆಕ್ಕ ಮೊದಲು ಬಿಡಿಸಿಡುತ್ತೇನೆ, ಆಮೇಲೆ ನಮ್ಮ ಪೇಟೆ-ಬಡಾವಣೆಗಳ ಪದ್ಧತಿಗಳ ಜೊತೆ ಇಟ್ಟು ನೋಡೋಣ.

ನನ್ನ ನಿಲುವು ಈಗಲೇ ಹೇಳಿಬಿಡುತ್ತೇನೆ. ಇನ್‌ಸ್ಟ್ರಕ್ಟರ್ ತನ್ನ ಸ್ವಂತ ಸಮಯವನ್ನು ಬಿಟ್ಟುಕೊಡಬಹುದು. ವಿಮಾನದ ಖರ್ಚನ್ನು, ಸಂಸ್ಥೆಯ ದುಡ್ಡನ್ನು, ಸಹಿಯ ಕಟ್ಟುನಿಟ್ಟನ್ನು ಬಿಟ್ಟುಕೊಡುವಂತಿಲ್ಲ. ಸಮಯ ಬಿಟ್ಟುಕೊಡುವುದಿದ್ದರೂ ಆ ರಿಯಾಯಿತಿ ಎಲ್ಲ ಸಹೋದ್ಯೋಗಿಗಳಿಗೂ ಒಂದೇ ಥರ ಇರಬೇಕು.

ಇನ್‌ಸ್ಟ್ರಕ್ಟರ್ ಅಂದರೆ ಯಾರು?

ಭಾರತದಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಣ ಡಿಜಿಸಿಎ ಕೈಯಲ್ಲಿದೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ, ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ದುಡ್ಡಿಗಾಗಿ ವಿಮಾನ ಹಾರಿಸಬೇಕಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು. ಅದಕ್ಕೆ ಕನಿಷ್ಠ 200 ಗಂಟೆ ಹಾರಾಟ ಆಗಿರಬೇಕು. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1500 ಗಂಟೆ. ಕಲಿಸಬೇಕಾದರೆ ಇದರ ಮೇಲೆ ಪ್ರತ್ಯೇಕ ರೇಟಿಂಗ್ ಪಡೆಯಬೇಕು. ಮೊದಲು ಸಹಾಯಕ ಫ್ಲೈಟ್ ಇನ್‌ಸ್ಟ್ರಕ್ಟರ್, ನಂತರ ಫ್ಲೈಟ್ ಇನ್‌ಸ್ಟ್ರಕ್ಟರ್. ಇವರ ಮೇಲೆ ತರಬೇತಿ ಸಂಸ್ಥೆಯ ಮುಖ್ಯ ಇನ್‌ಸ್ಟ್ರಕ್ಟರ್ ಮತ್ತು ಉಪ ಮುಖ್ಯ ಇನ್‌ಸ್ಟ್ರಕ್ಟರ್ ಇರುತ್ತಾರೆ.

ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಎರಡು ಥರದ ಸಂಬಳ ಇದೆ. ಒಂದು ದುಡ್ಡು, ಇನ್ನೊಂದು ಗಂಟೆಗಳು. ಕಲಿಸುತ್ತಾ ಹಾರಿದ ಸಮಯವನ್ನು ಇನ್‌ಸ್ಟ್ರಕ್ಟರ್ ತನ್ನ ಲಾಗ್‌ಬುಕ್‌ನಲ್ಲಿ ಪೈಲಟ್ ಇನ್ ಕಮಾಂಡ್ ಎಂದು ಬರೆದುಕೊಳ್ಳಬಹುದು. 200 ಗಂಟೆಯಿಂದ 1500ಕ್ಕೆ ಹತ್ತಬೇಕಾದ ಯುವಕ-ಯುವತಿಗೆ ಈ ಗಂಟೆಗಳೇ ಏಣಿ. "ನಿಂಗೆ ಗಂಟೆ ಸಿಗ್ತಿದೆಯಲ್ಲ, ದುಡ್ಡು ಯಾಕೆ?" ಎಂಬ ಮಾತು ಹುಟ್ಟುವುದು ಇಲ್ಲಿಂದ. ಇಂಟರ್ನ್‌ಶಿಪ್ ಮಾಡಿದ ಪ್ರತಿಯೊಬ್ಬರಿಗೂ ಈ ಮಾತಿನ ಪರಿಚಯ ಇರುತ್ತದೆ. ಅಲ್ಲಿ "ಗಂಟೆ" ಬದಲು "ಎಕ್ಸ್‌ಪೋಷರ್" ಅಂತಾರೆ, ಅಷ್ಟೇ ವ್ಯತ್ಯಾಸ.

ಒಂದು ಗಂಟೆಯ ಬಿಲ್‌ನಲ್ಲಿ ಏನೇನಿದೆ?

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರಿಗೆ ಒಂದು ಚಾಳಿ ಇರುತ್ತದೆ: ಜಗಳಕ್ಕೆ ಇಳಿಯುವ ಮೊದಲು ಬಿಲ್ ಬಿಚ್ಚಿ ನೋಡೋದು. ತರಬೇತಿ ಹಾರಾಟದ ಬಿಲ್‌ನಲ್ಲಿ ಮುಖ್ಯವಾಗಿ ಐದು ಭಾಗ ಇವೆ.

ಮೊದಲನೆಯದು ವಿಮಾನ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ಥರದ ಒಂದೇ ಎಂಜಿನ್‌ನ ವಿಮಾನಕ್ಕೂ ಹಾರಿದ ಗಂಟೆಗಳ ಲೆಕ್ಕದಲ್ಲಿ ತಪಾಸಣೆ, ರಿಪೇರಿ, ಕೊನೆಗೆ ಎಂಜಿನ್ ಓವರ್‌ಹಾಲ್ ಬರುತ್ತವೆ. ವಿಮಾನದಲ್ಲಿ ಕೂತವರು ವಿದ್ಯಾರ್ಥಿಯೋ ಮೂವತ್ತು ವರ್ಷದ ಅನುಭವಿಯೋ, ಎಂಜಿನ್‌ಗೆ ಗೊತ್ತಾಗುವುದಿಲ್ಲ. ಸವೆತ ಅಷ್ಟೇ ಆಗುತ್ತದೆ.

ಎರಡನೆಯದು ಇಂಧನ. ಇಂಥ ವಿಮಾನ ಗಂಟೆಗೆ ಸುಮಾರು 30ರಿಂದ 35 ಲೀಟರ್ ಕುಡಿಯುತ್ತದೆ. ಹೆಚ್ಚಿನ ಪಿಸ್ಟನ್ ಎಂಜಿನ್‌ಗಳಿಗೆ ಬೇಕಾದ ಆವ್‌ಗ್ಯಾಸ್ ದೊಡ್ಡ ವಿಮಾನಗಳ ಇಂಧನಕ್ಕಿಂತ ಬೇರೆ. ಭಾರತ ಇದನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದ ರಿಫೈನರಿಯಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು.

ಮೂರನೆಯದು ನೆಲದ ಖರ್ಚು: ಹ್ಯಾಂಗರ್, ಲ್ಯಾಂಡಿಂಗ್, ವಿಮೆ, ಆಫೀಸು.

ನಾಲ್ಕನೆಯದು ಇನ್‌ಸ್ಟ್ರಕ್ಟರ್ ಸಮಯ. ಇದರಲ್ಲೂ ಎರಡು ಪಾಲು. ಗಾಳಿಯಲ್ಲಿದ್ದ ಒಂದು ಗಂಟೆ ಎಲ್ಲರಿಗೂ ಕಾಣುತ್ತದೆ. ಹಾರುವ ಮೊದಲಿನ ಬ್ರೀಫಿಂಗ್, ಹವಾಮಾನ ನೋಡೋದು, ಇಳಿದ ಮೇಲೆ ತಪ್ಪು-ಒಪ್ಪು ಮಾತಾಡೋದು ಸೇರಿದರೆ ಒಂದು ಗಂಟೆ ಹಾರಾಟ ಅರ್ಧ ದಿನ ತಿನ್ನುತ್ತದೆ.

ಐದನೆಯದು ಸಹಿ. "ಇವರಿಗೆ ಈ ಪಾಠ ಆಗಿದೆ, ಇವರು ಸಮರ್ಥರು" ಅಂತ ದಾಖಲೆಯಲ್ಲಿ ಬರೆದು ಹೆಸರು ಹಾಕೋದು. ಬಿಲ್‌ನಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಇರೋದಿಲ್ಲ. ಆದರೆ ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ತೂಕ ಇರುವುದು ಇದಕ್ಕೇ.

ಈಗ ಕೇಳಿ: "ಫ್ರೀಯಾಗಿ ಕಲಿಸ್ತೀನಿ" ಅಂದವರು ಈ ಐದರಲ್ಲಿ ಯಾವುದನ್ನು ಫ್ರೀ ಮಾಡ್ತಿದ್ದಾರೆ? ಅವರ ಕೈಯಲ್ಲಿ ನಿಜವಾಗಿ ಇರುವುದು ನಾಲ್ಕನೆಯದು ಮಾತ್ರ. ಮೊದಲ ಮೂರಕ್ಕೆ ಯಾರೋ ಒಬ್ಬರು ದುಡ್ಡು ಕಟ್ಟಲೇಬೇಕು. ಐದನೆಯದನ್ನು ಸಡಿಲ ಮಾಡಿದರೆ ಅದು ಪಾಠವೇ ಅಲ್ಲ.

ಅಮೆರಿಕದಲ್ಲಿ ಒಂದು ಥರ, ನಮ್ಮಲ್ಲಿ ಇನ್ನೊಂದು ಥರ

ಈ ಚರ್ಚೆ ಜೋರಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಇನ್‌ಸ್ಟ್ರಕ್ಟರ್ ಸ್ವತಂತ್ರವಾಗಿ ಕೆಲಸ ಮಾಡಬಹುದು. ವಿದ್ಯಾರ್ಥಿಯದೇ ವಿಮಾನ, ಇನ್‌ಸ್ಟ್ರಕ್ಟರ್ ಬಂದು ಗಂಟೆಗೆ ಇಷ್ಟು ಅಂತ ತಗೊಂಡು ಹೋಗ್ತಾರೆ. ದರ ಎಷ್ಟು ಅಂತ ಅಲ್ಲಿನ ವಿಮಾನಯಾನ ಆಡಳಿತ ಎಫ್‌ಎಎ ಹೇಳೋದಿಲ್ಲ. ಪೈಲಟ್‌ಗಳು ಪ್ರತಿ 24 ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ ಮಾಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಅದು ಕನಿಷ್ಠ 1 ಗಂಟೆ ನೆಲದ ಪಾಠ, 1 ಗಂಟೆ ಹಾರಾಟ. ಇನ್‌ಸ್ಟ್ರಕ್ಟರ್‌ಗಳು ಒಬ್ಬರಿಗೊಬ್ಬರು ಕಲಿಸುವ, ರಿವ್ಯೂ ಮಾಡುವ ಸಂದರ್ಭಗಳೂ ಬರುತ್ತವೆ. ಹಾಗಾಗಿ ಅಲ್ಲಿ ಫೀಸ್ ಬಿಡೋದು ವೈಯಕ್ತಿಕ ನಿರ್ಧಾರ. ಬಿಟ್ಟವರ ಜೇಬಿಗೇ ನಷ್ಟ, ಬಿಟ್ಟವರಿಗೇ ಹೆಸರು.

ನಮ್ಮಲ್ಲಿ ಲೈಸೆನ್ಸ್‌ಗೆ ಬೇಕಾದ ತರಬೇತಿ ನಡೆಯುವುದು ಡಿಜಿಸಿಎ ಒಪ್ಪಿಗೆ ಇರುವ ತರಬೇತಿ ಸಂಸ್ಥೆಗಳಲ್ಲಿ. ವಿದ್ಯಾರ್ಥಿ ದುಡ್ಡು ಕಟ್ಟೋದು ಸಂಸ್ಥೆಗೆ, ಇನ್‌ಸ್ಟ್ರಕ್ಟರ್‌ಗೆ ಸಂಬಳ ಕೊಡೋದು ಸಂಸ್ಥೆ. ಸಿಪಿಎಲ್ ಮುಗಿಸುವಷ್ಟರಲ್ಲಿ ಖರ್ಚು ಅರ್ಧ ಕೋಟಿ ರೂಪಾಯಿ ಆಸುಪಾಸಿಗೆ, ಎಷ್ಟೋ ಸಲ ಅದಕ್ಕಿಂತ ಮೇಲಕ್ಕೆ ಹೋಗುತ್ತದೆ. ಇಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ "ನಮ್ಮವರಿಗೆ ಫ್ರೀ" ಅಂದರೆ ಆ ಉದಾರತೆ ಯಾರ ಜೇಬಿನಿಂದ ಹೋಗ್ತಿದೆ ಎಂದು ಕೇಳಲೇಬೇಕು. ಸಂಸ್ಥೆ ನಷ್ಟ ಹೊತ್ತರೆ ಅದು ಮುಂದಿನ ಬ್ಯಾಚ್‌ನ ವಿದ್ಯಾರ್ಥಿಗಳ ಫೀಸ್‌ನಲ್ಲಿ ವಾಪಸ್ ಬರಬಹುದು. ಸಂಸ್ಥೆ ನಷ್ಟ ಹೊರದೆ "ರಜೆ ದಿನ ಬಂದು ಇವರಿಗೆ ಸ್ವಲ್ಪ ಹೇಳಿಕೊಡಿ" ಅಂದರೆ ಅದು ಸಂಬಳವಿಲ್ಲದ ಓವರ್‌ಟೈಮ್.

ಸರ್ಕಾರಿ ಶಾಲೆಯಾದರೆ ಪ್ರಶ್ನೆ ಇನ್ನೂ ನೇರ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲಿ ಶುರುವಾದದ್ದು. 1949ರಲ್ಲಿ ಇಲ್ಲಿಂದ ತರಬೇತಿ ಮುಗಿಸಿದ ಉಷಾ ಸುಂದರಂ 1951ರಲ್ಲಿ ಪತಿ ವಿ. ಸುಂದರಂ ಜೊತೆ ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಲಂಡನ್‌ನಿಂದ ಬಾಂಬೆಗೆ 27 ಗಂಟೆಯಲ್ಲಿ ತಂದು ದಾಖಲೆ ಮಾಡಿದವರು. ಈಗ ಈ ಶಾಲೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಇದೆ. ಖಾಸಗಿ ಸಂಸ್ಥೆಯ ಖರ್ಚು ಭರಿಸಲಾಗದ ಹುಡುಗ-ಹುಡುಗಿಯರಿಗೆ ಇಂಥ ಸಾರ್ವಜನಿಕ ಶಾಲೆ ಒಂದು ದಾರಿ. ಇಂಥ ಕಡೆ ವಿಮಾನ ಸಾರ್ವಜನಿಕರದ್ದು, ಇನ್‌ಸ್ಟ್ರಕ್ಟರ್‌ಗೆ ಸಂಬಳ ಕೊಡುವುದೂ ಸಾರ್ವಜನಿಕರೇ. ಡ್ಯೂಟಿ ಸಮಯದ ಒಂದು ಗಂಟೆ ಸಹೋದ್ಯೋಗಿಗೆ ಹೋದರೆ ಸರದಿಯಲ್ಲಿ ನಿಂತ ವಿದ್ಯಾರ್ಥಿಯ ಒಂದು ಗಂಟೆ ಕಡಿಮೆ ಆಗುತ್ತದೆ. ಸರ್ಕಾರಿ ಇನ್‌ಸ್ಟ್ರಕ್ಟರ್‌ಗಳ ತರಬೇತಿ ಬೇಕೇ ಬೇಕು, ಅದು ಬಜೆಟ್‌ನಲ್ಲಿ ಹೆಸರು ಹಾಕಿಕೊಂಡು ಬರಲಿ. ಪರಿಚಯದ ಮೇಲೆ ನಡೆಯೋದು ಬೇಡ.

ಡಾಕ್ಟರು, ವಿದ್ವಾಂಸರು, ವಕೀಲರು: ಹಳೆ ಬೆಂಗಳೂರಿನ ಮೂರು ಉದಾಹರಣೆ

ಡಾಕ್ಟರಿಂದ ಶುರು ಮಾಡೋಣ. ಚಾಮರಾಜಪೇಟೆ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ, ಬೆಂಗಳೂರು ಮೆಡಿಕಲ್ ಕಾಲೇಜು ಇವೆ. ಸುತ್ತಮುತ್ತ ತಲೆಮಾರುಗಳಿಂದ ಡಾಕ್ಟರ ಮನೆಗಳಿವೆ. ಡಾಕ್ಟರು ಇನ್ನೊಬ್ಬ ಡಾಕ್ಟರ ಹತ್ತಿರ ಕನ್ಸಲ್ಟೇಶನ್ ಫೀಸ್ ತಗೊಳ್ಳೋದಿಲ್ಲ ಅನ್ನುವುದು ಬರೀ ಸೌಜನ್ಯ ಅಲ್ಲ, ಬರವಣಿಗೆಯಲ್ಲೂ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿ, ಇತರ ವೈದ್ಯರಿಗೂ ಅವರ ಹತ್ತಿರದ ಅವಲಂಬಿತರಿಗೂ ಉಚಿತವಾಗಿ ಸೇವೆ ಕೊಡುವುದನ್ನು ಸಂತೋಷ ಮತ್ತು ಗೌರವ ಎಂದು ಭಾವಿಸಬೇಕು ಎನ್ನುತ್ತದೆ. ಅದೇ ನಿಯಮಾವಳಿ ರೋಗಿಗಳನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡೋದು-ತಗೊಳ್ಳೋದನ್ನು ನಿಷೇಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ, ಫ್ರೀ ಸೇವೆ ಲಂಚದ ಇನ್ನೊಂದು ರೂಪ ಆಗಬಾರದು ಅಂತ ಅರ್ಥ.

ಅಮೆರಿಕದ ವೈದ್ಯರ ಸಂಘದ 1847ರ ಸಂಹಿತೆಯಲ್ಲೂ ವೈದ್ಯರಿಗೆ, ಅವರ ಹೆಂಡತಿ-ಮಕ್ಕಳಿಗೆ ಉಚಿತ ಚಿಕಿತ್ಸೆಯ ಮಾತಿತ್ತು. ಈಗ ಅದು ಅಲ್ಲಿ ಕಡ್ಡಾಯ ಅಲ್ಲ. ರೋಗಿಗಳನ್ನು ಕಳಿಸುವ ವ್ಯವಹಾರವನ್ನು ನಿಯಂತ್ರಿಸುವ ಸ್ಟಾರ್ಕ್ ಕಾನೂನಿನ ನಿಯಮಗಳು ಈ ಸೌಜನ್ಯಕ್ಕೆ ಅವಕಾಶ ಕೊಟ್ಟು, ಷರತ್ತನ್ನೂ ಹಾಕಿವೆ. ರಿಯಾಯಿತಿ ಕೊಟ್ಟರೆ ಆ ಆಸ್ಪತ್ರೆಯ ಅಥವಾ ಆ ಊರಿನ ಎಲ್ಲ ವೈದ್ಯರಿಗೂ ಕೊಡಬೇಕು. ಯಾರು ಎಷ್ಟು ರೋಗಿಗಳನ್ನು ಕಳಿಸ್ತಾರೆ ಅಂತ ನೋಡಿ ಕೊಡುವಂತಿಲ್ಲ. ನೀತಿ ಲಿಖಿತವಾಗಿರಬೇಕು. ಹಾರಾಟದ ಶಾಲೆಗಳು ಇಷ್ಟನ್ನೇ ಎತ್ತಿಕೊಂಡರೂ ಅರ್ಧ ಜಗಳ ಮುಗಿಯುತ್ತದೆ.

ಡಾಕ್ಟರ ಲೋಕದಿಂದ ಇನ್ನೊಂದು ಪಾಠವೂ ಇದೆ. ಕಾರಿಡಾರ್‌ನಲ್ಲಿ ಸಿಕ್ಕ ಡಾಕ್ಟರಿಗೆ "ಸರ್, ಎರಡು ದಿನದಿಂದ ಎದೆ ಹಿಡಿದ ಹಾಗಿದೆ" ಅಂತ ಇನ್ನೊಬ್ಬ ಡಾಕ್ಟರು ಹೇಳುತ್ತಾರೆ. "ಗ್ಯಾಸ್ ಇರಬೇಕು ಬಿಡಿ ಡಾಕ್ಟ್ರೇ" ಅಂತ ಉತ್ತರ ಬರುತ್ತದೆ. ಇಸಿಜಿ ಇಲ್ಲ, ಕೇಸ್ ಶೀಟ್ ಇಲ್ಲ. ಸಾಮಾನ್ಯ ರೋಗಿಯಾಗಿದ್ದರೆ ಎರಡೂ ಆಗುತ್ತಿತ್ತು. ಫೀಸ್ ಇಲ್ಲದ ಕಡೆ ಔಪಚಾರಿಕತೆಯೂ ಬಿಟ್ಟುಹೋಗುತ್ತದೆ, ಔಪಚಾರಿಕತೆಯ ಜೊತೆ ತಪಾಸಣೆಯೂ ಹೋಗುತ್ತದೆ.

ಇನ್ನು ಸಂಗೀತ. ಬಸವನಗುಡಿ ಕಡೆ ಕೆ.ಆರ್. ರಸ್ತೆಯಲ್ಲಿರುವ ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿದ್ದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆಯುತ್ತಿದೆ. ಈ ಸುತ್ತಿನಲ್ಲಿ ಪಾಠ ಹೇಳುವ ವಿದ್ವಾಂಸರು ಎಷ್ಟೋ ಜನ. ಒಬ್ಬ ವಿದ್ವಾಂಸರಿಗೆ ಇನ್ನೊಬ್ಬರ ಹತ್ತಿರ ಇರುವ ಒಂದು ಅಪರೂಪದ ಕೃತಿಯ ಪಾಠಾಂತರ ಬೇಕು ಅಂದುಕೊಳ್ಳಿ. ಅಲ್ಲಿ ತಿಂಗಳ ಫೀಸ್ ಮಾತು ಬರೋದಿಲ್ಲ. ಹಣ್ಣು, ತಾಂಬೂಲ, ಅದರಲ್ಲಿ ಒಂದು ಕವರ್. ಎಷ್ಟು ಅಂತ ಕೊಡುವವರು ಹೇಳೋದಿಲ್ಲ, ತಗೊಳ್ಳುವವರು ಎಣಿಸೋದಿಲ್ಲ. ಇದರಲ್ಲಿ ಒಂದು ಜಾಣತನ ಇದೆ: ಬಿಲ್ ಇಲ್ಲ, ಆದರೆ ಬರಿಗೈಯೂ ಅಲ್ಲ. ಕೊರತೆಯೂ ಇದೆ: ಕವರ್‌ನಲ್ಲಿ ಎಷ್ಟು ಇಡಬೇಕು ಅನ್ನುವುದು ಆ ಮನೆತನಗಳ ಒಳಗೆ ಬೆಳೆದವರಿಗೆ ಗೊತ್ತು. ಹೊರಗಿನಿಂದ ಬಂದವರು ಯಾರನ್ನು ಕೇಳಬೇಕು?

ವಕೀಲರದ್ದು ಮೂರನೇ ಉದಾಹರಣೆ. ಸೀನಿಯರ್ ಆಫೀಸಿನಲ್ಲಿ ಜೂನಿಯರ್ ಕೆಲಸ ಮಾಡುವುದನ್ನು "ಕಲಿಕೆ" ಅಂತಲೇ ನಮ್ಮಲ್ಲಿ ಕರೆದುಕೊಂಡು ಬಂದಿದ್ದೇವೆ. ಕಲಿಕೆ ಅಂದ ಮೇಲೆ ಸಂಬಳ ಕೇಳೋದು ಹೇಗೆ? ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡಬೇಕು ಅಂತ ಶಿಫಾರಸು ಮಾಡಿತು. ಇದು ಬರೀ ಶಿಫಾರಸು, ಕಡ್ಡಾಯ ಅಲ್ಲ. ಆದರೂ ಕಲಿಯುವವರ ಸಮಯಕ್ಕೂ ಒಂದು ಬೆಲೆ ಇದೆ ಅಂತ ವೃತ್ತಿಯೇ ಒಪ್ಪಿಕೊಂಡಂತಾಯಿತು.

ಅಂಬಿಗ ಕೂಲಿ ಬೇಡ ಅಂದದ್ದು ಯಾಕೆ?

ಫೀಸ್ ಬೇಡ ಅನ್ನುವವರ ಪರವಾಗಿ ನನಗೆ ಗೊತ್ತಿರುವ ಅತ್ಯುತ್ತಮ ವಾದ ಒಂದು ಪ್ರವಚನದ ಕಥೆಯಲ್ಲಿದೆ. ವನವಾಸಕ್ಕೆ ಹೊರಟ ರಾಮನನ್ನು ಅಂಬಿಗನೊಬ್ಬ ನದಿ ದಾಟಿಸುತ್ತಾನೆ. ಕೊಡೋಕೆ ರಾಮನ ಹತ್ತಿರ ಏನೂ ಇಲ್ಲ. ಸೀತೆ ಉಂಗುರ ಕೊಡಲು ಬಂದರೆ ಅಂಬಿಗ ಬೇಡ ಅನ್ನುತ್ತಾನೆ. ಪ್ರವಚನಕಾರರು ಅವನ ಬಾಯಲ್ಲಿ ಹೇಳಿಸುವ ಕಾರಣ ಹೀಗಿದೆ: ನಾವಿಬ್ಬರೂ ಒಂದೇ ಕಸುಬಿನವರು. ನಾನು ನದಿ ದಾಟಿಸ್ತೀನಿ, ನೀನು ಸಂಸಾರ ಸಾಗರ ದಾಟಿಸ್ತೀಯ. ಕ್ಷೌರಿಕ ಕ್ಷೌರಿಕನ ಹತ್ತಿರ ದುಡ್ಡು ತಗೊಳ್ಳಲ್ಲ, ಅಂಬಿಗ ಅಂಬಿಗನ ಹತ್ತಿರ ತಗೊಳ್ಳಲ್ಲ. ನಿನ್ನ ಘಟ್ಟಕ್ಕೆ ನಾನು ಬಂದಾಗ ನನ್ನನ್ನೂ ದಾಟಿಸು.

ಭಕ್ತಿಯ ಮಾತು ಬದಿಗಿಟ್ಟು ಇದನ್ನು ವೃತ್ತಿಯ ಮಾತಾಗಿ ಓದಿ. ಅಂಬಿಗ ದಾನ ಮಾಡ್ತಿಲ್ಲ. "ನಾನು ನಿನ್ನ ಸಮಾನ" ಅಂತ ರಾಜಕುಮಾರನ ಎದುರು ನಿಂತು ಹೇಳ್ತಿದ್ದಾನೆ. ಇಲ್ಲಿ ಮೂರು ಷರತ್ತು ಪೂರ್ತಿಯಾಗಿವೆ. ದೋಣಿ ಅವನದ್ದು. ಬೇಡ ಅನ್ನುವ ನಿರ್ಧಾರ ಅವನದ್ದು, ಯಾರೂ ಒತ್ತಾಯ ಮಾಡಿಲ್ಲ. ಮತ್ತು ಮುಂದೊಂದು ದಿನ ವಾಪಸ್ ಸಿಗುವ ಭರವಸೆ ಇದೆ. ಈ ಮೂರೂ ಇದ್ದಾಗ ಫೀಸ್ ಬಿಡೋದು ಚೆಂದ, ಅದಕ್ಕೆ ಯಾರ ಆಕ್ಷೇಪವೂ ಬೇಕಿಲ್ಲ. ನಿವೃತ್ತಿ ಹತ್ತಿರದ ಹಿರಿಯ ಕ್ಯಾಪ್ಟನ್ ಒಬ್ಬರು ಹೊಸ ಇನ್‌ಸ್ಟ್ರಕ್ಟರ್‌ಗೆ ತಮ್ಮ ರಜೆಯಲ್ಲಿ ಬಂದು ಹೇಳಿಕೊಟ್ಟರೆ ಆ ವೃತ್ತಿ ಉಳಿಯುವುದೇ ಅಂಥವರಿಂದ.

ಈಗ ಕಥೆಯನ್ನು ಸ್ವಲ್ಪ ಬದಲಿಸಿ. ದೋಣಿ ಇನ್ಯಾರದ್ದೋ, ಅಂಬಿಗ ದಿನಗೂಲಿಯವನು. ದಡದ ಆ ಕಡೆಯ ದೊಡ್ಡ ಮನುಷ್ಯ ವಾರಕ್ಕೆ ಮೂರು ಸಲ ಬಂದು "ನಾವೆಲ್ಲ ಒಂದೇ ಅಲ್ವಾ" ಅಂತಾನೆ. ಬೇಡ ಅಂದರೆ ನಾಳೆ ಕೆಲಸ ಇರೋದಿಲ್ಲ. ಮಾತು ಅದೇ, ಆದರೆ ಈಗ ಅದು ಸಮಾನತೆ ಅಲ್ಲ.

ಫ್ರೀ ಪಾಠದ ಖರ್ಚು ಯಾರ ತಲೆ ಮೇಲೆ?

ಸಹೋದ್ಯೋಗಿಗೆ ಉಚಿತ ಎಂಬ ಪದ್ಧತಿಯನ್ನು ನಿಯಮ ಮಾಡಿದರೆ ಅದು ಹರಿಯುವ ದಿಕ್ಕನ್ನು ಗಮನಿಸಿ. ಹಿರಿಯರ ಹತ್ತಿರ ಉಳಿತಾಯ ಇದೆ, ಪಿಂಚಣಿ ಇದೆ, ಹೆಸರಿದೆ. ಕಿರಿಯರ ಹತ್ತಿರ ಶಿಕ್ಷಣ ಸಾಲದ ಇಎಂಐ ಇದೆ. ಇಬ್ಬರೂ ಒಂದು ಗಂಟೆ ಬಿಟ್ಟುಕೊಟ್ಟರೆ ಗಂಟೆ ಸಮ, ತ್ಯಾಗ ಸಮ ಅಲ್ಲ. ಜೊತೆಗೆ ಕಿರಿಯರು ಹಿರಿಯರಿಗೆ ಇಲ್ಲ ಅನ್ನೋದು ಕಷ್ಟ. ಅದೇ ಹಿರಿಯರು ನಾಳೆ ಅವರ ರೇಟಿಂಗ್‌ಗೆ, ಶಿಫಾರಸಿಗೆ, ಕೆಲಸಕ್ಕೆ ಬೇಕು.

ಇದು ಹಾರಾಟಕ್ಕೆ ಸೀಮಿತ ಅಲ್ಲ ಅಂತ ಓದುವ ಪ್ರತಿಯೊಬ್ಬರಿಗೂ ಗೊತ್ತು. "ನೀನು ಎಂಜಿನಿಯರಿಂಗ್ ಮಾಡಿದ್ದೀಯಲ್ಲ, ಒಂದು ವೆಬ್‌ಸೈಟ್ ಮಾಡಿಕೊಡು" ಎಂಬ ಮಾತು ನನಗೆ ಈಗಲೂ ಬರುತ್ತದೆ. ಪತ್ರಕರ್ತ ಗೆಳೆಯರೂ "ನಿನಗೆ ಹತ್ತು ನಿಮಿಷದ ಕೆಲಸ" ಅಂತ ಎಡಿಟಿಂಗ್‌ಗೆ ಕಳಿಸ್ತಾರೆ. ಕೆಲವರಿಗೆ ಖುಷಿಯಿಂದ ಮಾಡಿಕೊಡುತ್ತೇನೆ, ಕೆಲವರಿಗೆ ಇಲ್ಲ. ಯಾರಿಗೆ ಹೌದು, ಯಾರಿಗೆ ಇಲ್ಲ ಅನ್ನುವುದನ್ನು ಪಟ್ಟಿ ಮಾಡಿ ನೋಡಿ. ಹೆಚ್ಚಿನವರ ಪಟ್ಟಿಯಲ್ಲಿ ಹೌದು ಅನ್ನೋದು ತಮ್ಮ ಕಾಲೇಜು, ತಮ್ಮ ಬಡಾವಣೆ, ತಮ್ಮ ಮನೆಮಾತಿನವರಿಗೆ.

ಅಲ್ಲಿಗೆ ಎರಡನೇ ಸಮಸ್ಯೆ ಬಂತು. "ನಮ್ಮವರು" ಅಂದರೆ ಯಾರು? ಬಸವನಗುಡಿ, ಮಲ್ಲೇಶ್ವರಂಗಳು 1890ರ ದಶಕದಲ್ಲಿ, 1898ರ ಪ್ಲೇಗ್‌ನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು. ಯಾರ ಪಕ್ಕ ಯಾರ ಮನೆ ಅನ್ನೋದರಲ್ಲಿ ಜಾತಿಗೆ ದೊಡ್ಡ ಪಾತ್ರ ಇತ್ತು. ಆ ನೆರೆಹೊರೆಗಳಿಂದ ಡಾಕ್ಟರು, ವಕೀಲರು, ಎಂಜಿನಿಯರುಗಳು, ವಿದ್ವಾಂಸರು ಬಂದರು. ಒಬ್ಬರ ಮಗನಿಗೆ ಇನ್ನೊಬ್ಬರು ಪಾಠ ಹೇಳಿದರು, ಫೀಸ್ ತಗೊಳ್ಳಲಿಲ್ಲ. ಪ್ರತಿಯೊಂದೂ ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಎಲ್ಲವನ್ನೂ ಕೂಡಿಸಿದರೆ ಅದು ಒಳಗಿನವರಿಗೆ ಸಿಕ್ಕ ಸಬ್ಸಿಡಿ. ಹೊರಗಿನಿಂದ ಬಂದ ಮೊದಲ ತಲೆಮಾರಿನ ಹುಡುಗಿ ಪೂರ್ತಿ ಫೀಸ್ ಕಟ್ಟಿ ಅದೇ ಪಾಠ ಕಲಿಯಬೇಕಾಯಿತು. ಸಬ್ಸಿಡಿ ಅನ್ನುವ ಪದ ಕೇಳಿದರೆ ಸಿಡುಕುವ ಎಷ್ಟೋ ಮನೆಗಳು ಈ ಸಬ್ಸಿಡಿಯನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ.

ಹಾರಾಟದಲ್ಲಿ ಇದು ಇನ್ನೂ ದುಬಾರಿ. ತಂದೆ ಪೈಲಟ್ ಆಗಿದ್ದರೆ ಮಗುವಿಗೆ ಸಂಜೆ ಊಟದ ಹೊತ್ತಿನಲ್ಲೇ ನ್ಯಾವಿಗೇಶನ್, ಮೆಟಿಯರಾಲಜಿ ಪಾಠ ಆಗುತ್ತದೆ. ಅದನ್ನು ಯಾರೂ ತಡೆಯೋಕಾಗಲ್ಲ, ತಡೆಯಬೇಕಾಗಿಯೂ ಇಲ್ಲ. ಆದರೆ ಸಂಸ್ಥೆಯ ವಿಮಾನ, ಸಂಸ್ಥೆಯ ಇನ್‌ಸ್ಟ್ರಕ್ಟರ್ ಸಮಯ "ಕ್ಯಾಪ್ಟನ್ ಸರ್ ಕಡೆಯವರು" ಅಂತ ಅಗ್ಗವಾಗಿ ಸಿಕ್ಕರೆ ಅದು ಕುಟುಂಬದ ವಿಷಯ ಅಲ್ಲ.

ಸಹಿಗೆ ರಿಯಾಯಿತಿ ಇಲ್ಲ

ಇನ್‌ಸ್ಟ್ರಕ್ಟರ್ ತನ್ನ ಸಹೋದ್ಯೋಗಿಗೆ ಕಲಿಸುವಾಗ ಒಂದು ತಾಂತ್ರಿಕ ಗೊಂದಲವೂ ಇರುತ್ತದೆ. ಇಬ್ಬರಿಗೂ ಹಾರಿಸೋಕೆ ಬರುತ್ತದೆ. ಎಂಜಿನ್ ಕೈಕೊಟ್ಟರೆ ಯಾರು ಹಾರಿಸುತ್ತಾರೆ? ಇಬ್ಬರೂ "ಅವರು ನೋಡ್ಕೋತಾರೆ" ಅಂದುಕೊಂಡ ಎರಡು ಸೆಕೆಂಡು ಸಾಕು ಅನಾಹುತಕ್ಕೆ. ಹೊಸ ವಿದ್ಯಾರ್ಥಿಯ ಜೊತೆ ಇದನ್ನು ನೆಲದ ಮೇಲೇ ಮಾತಾಡಿಕೊಳ್ಳುತ್ತಾರೆ. ಸಹೋದ್ಯೋಗಿ ಜೊತೆ "ಇವರಿಗೆ ಏನು ಹೇಳೋದು" ಅಂತ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಲಾಗ್‌ಬುಕ್‌ನಲ್ಲಿ ಯಾರು ಪೈಲಟ್ ಇನ್ ಕಮಾಂಡ್ ಅಂತಲೂ ಹಾರುವ ಮೊದಲೇ ತೀರ್ಮಾನ ಆಗಿರಬೇಕು.

ಜವಾಬ್ದಾರಿ ಹೆಚ್ಚಾಗುತ್ತಲೂ ಇದೆ. ನಮ್ಮಲ್ಲಿ ತರಬೇತಿ ಹಾರಾಟಕ್ಕೆ ಅನುಮತಿ ಕೊಡುವ ಅಧಿಕಾರ ಮೊದಲು ಮುಖ್ಯ ಮತ್ತು ಉಪ ಮುಖ್ಯ ಇನ್‌ಸ್ಟ್ರಕ್ಟರ್‌ಗಳಿಗೆ ಮಾತ್ರ ಇತ್ತು. 2021ರಲ್ಲಿ ನಿಯಮ ಸಡಿಲಿಸಿ ಅದನ್ನು ಫ್ಲೈಟ್ ಇನ್‌ಸ್ಟ್ರಕ್ಟರ್‌ಗಳಿಗೂ ವಿಸ್ತರಿಸಿದರು. ಅಮೆರಿಕದಲ್ಲಿ ಇನ್‌ಸ್ಟ್ರಕ್ಟರ್‌ಗಳು ತಾವು ಕೊಟ್ಟ ಕೆಲವು ಮುಖ್ಯ ಅನುಮೋದನೆಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು. ಆ ಪಾಠಕ್ಕೆ ದುಡ್ಡು ತಗೊಂಡರಾ ಇಲ್ಲವಾ ಅಂತ ನಿಯಮ ಕೇಳುವುದಿಲ್ಲ. ಫ್ರೀಯಾಗಿ ಹಾಕಿದ ಸಹಿಗೂ ಅಷ್ಟೇ ಹೊಣೆ.

ಫೀಸ್ ತಗೊಂಡರೆ ಪಾಠ ಚೆನ್ನಾಗಿ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ದುಡ್ಡು ಕಟ್ಟಿದವರು "ಕಟ್ಟಿದ್ದೀನಲ್ಲ, ಸಹಿ ಹಾಕಿ" ಅಂತ ಒತ್ತಡ ಹಾಕುವುದೂ ಉಂಟು. ಸ್ನೇಹ, ದುಡ್ಡು ಎರಡೂ ಸಹಿಯನ್ನು ಎಳೆಯುತ್ತವೆ. ಅದಕ್ಕೇ ಸಹಿಯನ್ನು ಎರಡರಿಂದಲೂ ದೂರ ಇಡಬೇಕು.

ಹಾಗಾದರೆ ಏನು ಮಾಡೋದು?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನನಗೆ ಸರಿ ಅನ್ನಿಸುವ ಪದ್ಧತಿ ಇದು. ಹಾರಾಟಕ್ಕೆ ಬರೆದಿದ್ದೇನೆ, ನಿಮ್ಮ ವೃತ್ತಿಗೆ ಹೊಂದಿಸಿಕೊಳ್ಳಿ.

1. ವಿಮಾನ, ಇಂಧನ, ನೆಲದ ಖರ್ಚು ಯಾವತ್ತೂ ಫ್ರೀ ಅಲ್ಲ. ಸಹೋದ್ಯೋಗಿಯೂ ಕಟ್ಟಬೇಕು, ಇಲ್ಲವೇ ಸಂಸ್ಥೆ ಅದನ್ನು ತರಬೇತಿ ಖರ್ಚು ಅಂತ ಬಹಿರಂಗವಾಗಿ ತೋರಿಸಬೇಕು.

2. ಕೆಲಸಕ್ಕೆ ಬೇಕಾದ ತರಬೇತಿಯ ಖರ್ಚು ಮಾಲೀಕರದ್ದು. ಸಂಸ್ಥೆಗೆ ಎರಡು ಎಂಜಿನ್ ಕಲಿಸುವ ಇನ್‌ಸ್ಟ್ರಕ್ಟರ್ ಬೇಕಾದರೆ ಅವರನ್ನು ತಯಾರು ಮಾಡುವ ಗಂಟೆಗಳಿಗೆ, ತಯಾರು ಮಾಡುವವರ ಸಂಬಳಕ್ಕೆ ಸಂಸ್ಥೆಯೇ ಕೊಡಬೇಕು. ಇಬ್ಬರು ನೌಕರರ ಸ್ನೇಹದ ಮೇಲೆ ಅದನ್ನು ಹೊರಿಸಬಾರದು.

3. ಸ್ವಂತ ರಜೆಯ ಸಮಯವನ್ನು ಬಿಟ್ಟುಕೊಡೋದು ಪೂರ್ತಿ ವೈಯಕ್ತಿಕ. ಬಿಟ್ಟರೆ ಧನ್ಯವಾದ, ಬಿಡದಿದ್ದರೆ ಬೇಸರ ಬೇಡ. ದರ ಎಷ್ಟು ಅಂತ ಪಾಠಕ್ಕೆ ಮೊದಲೇ ಹೇಳಿ, ಪಾಠ ಮುಗಿದ ಮೇಲಲ್ಲ. "ನಾನು ಸಹೋದ್ಯೋಗಿಗಳಿಗೂ ಇಷ್ಟು ತಗೋತೀನಿ" ಅಂತ ಹೇಳುವುದು ಒರಟುತನ ಅಲ್ಲ.

4. ರಿಯಾಯಿತಿ ಇದ್ದರೆ ಎಲ್ಲರಿಗೂ ಒಂದೇ. ಇನ್‌ಸ್ಟ್ರಕ್ಟರ್ ಅಂದಮೇಲೆ ಯಾವ ಊರು, ಯಾವ ಬ್ಯಾಚ್, ಯಾರ ಮಗಳು ಅಂತ ನೋಡಬಾರದು. ಒಂದು ಪುಟದಲ್ಲಿ ಬರೆದು ನೋಟಿಸ್ ಬೋರ್ಡ್‌ಗೆ ಅಂಟಿಸಿ.

5. ಕಿರಿಯರಿಂದ ಹಿರಿಯರಿಗೆ ಫ್ರೀ ಪಾಠ ಹರಿಯಬಾರದು. ಹಿರಿಯರು ಕಲಿಯೋಕೆ ಬಂದರೆ ಅವರೇ ಮೊದಲು ದುಡ್ಡಿನ ಮಾತು ಎತ್ತಬೇಕು. ಕಿರಿಯರಿಗೆ ಆ ಮುಜುಗರ ಉಳಿಸಬೇಕು.

6. ವಾಪಸ್ ಕೊಡುವ ದಾರಿ ಇರಲಿ. ದುಡ್ಡು ಬೇಡ ಅಂದರೆ ಗಂಟೆಗೆ ಗಂಟೆ ಬದಲಿಸಿಕೊಳ್ಳಿ. ಅದೂ ಆಗದಿದ್ದರೆ ಅಷ್ಟು ಗಂಟೆಯ ನೆಲದ ಪಾಠವನ್ನು ಖರ್ಚು ಭರಿಸಲಾಗದ ಒಬ್ಬ ವಿದ್ಯಾರ್ಥಿಗೆ ಹೇಳಿ. ವೃತ್ತಿ ನಮಗೆ ಉಚಿತವಾಗಿ ಕೊಟ್ಟದ್ದನ್ನು ಹೊರಗಿನವರಿಗೆ ತಲುಪಿಸುವ ಸುಲಭದ ದಾರಿ ಇದು.

7. ಬ್ರೀಫಿಂಗ್, ದಾಖಲೆ, ಪರೀಕ್ಷೆ, ಸಹಿ ಎಲ್ಲವೂ ಅಪರಿಚಿತರಿಗೆ ಮಾಡುವಷ್ಟೇ ಪೂರ್ತಿ. ಸಹೋದ್ಯೋಗಿ ತಯಾರಾಗಿಲ್ಲ ಅಂತ ಅನ್ನಿಸಿದರೆ ಸಹಿ ಇಲ್ಲ, ಎಷ್ಟು ವರ್ಷದ ಸ್ನೇಹ ಆದರೂ.

ಇದರಲ್ಲಿ ಆರನೆಯದು ಓದಿ "ಇದೊಂದು ಆದರ್ಶದ ಮಾತು" ಅನ್ನಿಸಬಹುದು. ಆದರೆ ನಮ್ಮ ಬಡಾವಣೆಗಳಲ್ಲಿ ಫ್ರೀ ಪಾಠದ ಸಂಪ್ರದಾಯ ಆಗಲೇ ಇದೆ, ಅದಕ್ಕೆ ಬೇಕಾದ ಉದಾರತೆಯೂ ಇದೆ. ಬದಲಾಗಬೇಕಾದದ್ದು ಅದು ಯಾರ ಮನೆ ಬಾಗಿಲಿಗೆ ಹೋಗುತ್ತದೆ ಅನ್ನೋದು ಮಾತ್ರ. ಸಂಬಳ ಬರುವ, ಲೈಸೆನ್ಸ್ ಇರುವ ಸಹೋದ್ಯೋಗಿ ತನ್ನ ಪಾಠಕ್ಕೆ ದುಡ್ಡು ಕೊಡಬಲ್ಲರು. ಜಕ್ಕೂರಿನ ಬೇಲಿಯ ಆಚೆ ನಿಂತು ವಿಮಾನ ಇಳಿಯೋದನ್ನು ನೋಡುವ ಸರ್ಕಾರಿ ಶಾಲೆಯ ಹುಡುಗಿ ಕೊಡಲಾರಳು. ಬಿಟ್ಟುಕೊಡಲು ಒಂದು ಗಂಟೆ ಇದ್ದರೆ ಅದನ್ನು ಅವಳಿಗೆ ಕೊಡಿ.